ಬಾವಿಯ ನೀರನ್ನು ಮೇಲೆತ್ತುವವರು ಯಾರು?

ನಮ್ಮ ಕರಾವಳಿಯಲ್ಲಿ ಬಾವಿಯಿಲ್ಲದ ಮನೆಯ ಅಂಗಳ ಅಪರೂಪ. ಮುರಕಲ್ಲಿನ ನೆಲವನ್ನು ಕಡಿದು ತೋಡಿದ ಬಾವಿ, ಸುತ್ತಲೂ ಒಂದು ಕಟ್ಟೆ, ಮೇಲೊಂದು ರಾಟೆ, ಹಗ್ಗದ ತುದಿಗೆ ಕೊಡಪಾನ. ಇಷ್ಟೇ ಸಲಕರಣೆಯಿಂದ ನಮ್ಮ ಹಿರಿಯರ ಸಂಸಾರವು ಸಾಗಿತು. ಉಡುಪಿಯ ಸಮೀಪದ ನಮ್ಮ ಮನೆಯಲ್ಲಿಯೂ ಬಹುಕಾಲ ಹೀಗೆಯೇ ನಡೆಯಿತು. ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿಯುತ್ತ ಬಂದ ಒಂದು ಸೆಪ್ಟೆಂಬರಿನಲ್ಲಿ, ನಾವೂ ಬಾವಿಗೆ ವಿದ್ಯುತ್ ಪಂಪನ್ನು ಜೋಡಿಸಿದೆವು. ಬಾವಿಕಟ್ಟೆಯ ಪಕ್ಕದಲ್ಲಿ ಅರ್ಧ ಮೀಟರ್ ಎತ್ತರದ ಸಿಮೆಂಟಿನ ಪೀಠ, ಅದರ ಮೇಲೆ ಅರ್ಧ ಅಶ್ವಶಕ್ತಿಯ ಮೋಟಾರು ಮತ್ತು ಪಂಪು, ಬಾವಿಯೊಳಗೆ ಇಳಿಬಿಟ್ಟ ಒಂದಂಗುಲದ ಸಕ್ಷನ್ ಪೈಪು, ಮಾಳಿಗೆಯ ಮೇಲಿನ ಸಾವಿರ ಲೀಟರಿನ ಟಾಂಕಿಗೆ ಡೆಲಿವರಿ ಪೈಪು. ಗುಂಡಿಯನ್ನೊತ್ತಿದರೆ ನಲವತ್ತು ನಿಮಿಷಗಳಲ್ಲಿ ಟಾಂಕಿಯು ತುಂಬುತ್ತಿತ್ತು. ನೂರು ಕೊಡ ನೀರನ್ನು ಸೇದುವ ಶ್ರಮವು ಒಂದು ಗುಂಡಿಯಲ್ಲಿ ಅಡಗಿತಲ್ಲಾ ಎಂದು ಮನೆಯವರೆಲ್ಲ ಹಿಗ್ಗಿದರು.

ಈ ಹಿಗ್ಗು ಫೆಬ್ರವರಿಯವರೆಗೆ ಉಳಿಯಿತು. ಆಮೇಲೆ ನಲ್ಲಿಯ ಧಾರೆಯು ದಿನದಿಂದ ದಿನಕ್ಕೆ ಸಣ್ಣದಾಯಿತು. ಪಂಪಿನ ಹೊಟ್ಟೆಯಲ್ಲಿ ಯಾರೋ ಜಲ್ಲಿಕಲ್ಲನ್ನು ಹಾಕಿ ಕುಲುಕಿದಂತೆ ಸದ್ದು ಕೇಳಿಸತೊಡಗಿತು. ಮಾರ್ಚಿನ ಮಧ್ಯದಲ್ಲಿ ನೀರು ನಿಂತೇಹೋಯಿತು. ಬಾವಿಯೊಳಗೆ ಇಣುಕಿದರೆ ನೀರೇನೋ ಇತ್ತು. ಆಳಿಗಿಂತ ಎತ್ತರವಾಗಿ, ತಿಳಿಯಾಗಿ ಹೊಳೆಯುತ್ತಿತ್ತು. ಪಂಪೂ ತಿರುಗುತ್ತಿತ್ತು. ಆದರೆ ನೀರು ಮೇಲೆ ಬರಲೊಲ್ಲದು.

ಮಿಸ್ತ್ರಿಯನ್ನು ಕರೆಸಿದೆವು. ಆತನು ಪಂಪಿನ ಮೇಲೆ ಕೈಯಿಟ್ಟು, ಸದ್ದನ್ನು ಆಲಿಸಿ, “ಇದಕ್ಕೆ ಶಕ್ತಿ ಸಾಲುವುದಿಲ್ಲ ಮಾರಾಯ್ರೆ, ಒಂದು ಹೆಚ್.ಪಿ.ಯದ್ದು ಹಾಕಿ” ಎಂದನು. ಅಂಗಡಿಯವರೂ ಅದನ್ನೇ ಹೇಳಿದರು. ಮಾತು ನಮಗೂ ನ್ಯಾಯವೆಂದೇ ತೋರಿತು. ಎಳೆಯಲಾರದ ಎತ್ತಿನ ಬದಲಿಗೆ ಬಲಿಷ್ಠವಾದ ಎತ್ತನ್ನು ಕಟ್ಟುವುದು ಲೋಕರೂಢಿಯಲ್ಲವೆ? ದುಡ್ಡು ತೆತ್ತು ದೊಡ್ಡ ಪಂಪನ್ನು ತಂದು ಕೂರಿಸಿದೆವು. ಅದು ಮೊದಲಿನದಕ್ಕಿಂತ ಜೋರಾಗಿ ಗರಗರಗುಟ್ಟಿತೇ ಹೊರತು ಒಂದು ಕೊಡ ನೀರನ್ನೂ ಕೊಡಲಿಲ್ಲ. ಒಂದು ಮಧ್ಯಾಹ್ನ ಅದನ್ನು ನಿಲ್ಲಿಸಲು ಮರೆತು, ನೀರಿಲ್ಲದೆ ತಿರುಗಿ ತಿರುಗಿ ಅದರ ಸೀಲು ಸುಟ್ಟುಹೋಯಿತು. ಮನೆಯಲ್ಲಿ ಎಂಟು ಜನ, ಹಟ್ಟಿಯಲ್ಲಿ ಎರಡು ಹಸು. ಏಪ್ರಿಲ್ ತಿಂಗಳ ಬಿಸಿಲು. ಮತ್ತೆ ರಾಟೆಗೆ ಹಗ್ಗವನ್ನು ಹಾಕಿದೆವು.

ನಾವು ಎಡವಿದ್ದು ಎಲ್ಲಿ? ಒಂದೇ ಒಂದು ತಪ್ಪು ತಿಳಿವಳಿಕೆಯಲ್ಲಿ: ಪಂಪು ನೀರನ್ನು ಎಳೆಯುತ್ತದೆಂದು ನಾವು ನಂಬಿದ್ದೆವು. ಮಿಸ್ತ್ರಿಯೂ ಹಾಗೆಯೇ ನಂಬಿದ್ದನು. ಓದುಗರಲ್ಲಿ ಬಹುಮಂದಿ ಈಗಲೂ ಹಾಗೆಯೇ ನಂಬಿರಬಹುದು. ನಿಜ ಸಂಗತಿಯು ಬೇರೆ.

ಈ ಸಮಸ್ಯೆ ಹೊಸದೇನಲ್ಲ. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ‘ಎರಡು ಹೊಸ ವಿಜ್ಞಾನಗಳು’ ಎಂಬ ಸಂವಾದಗ್ರಂಥದಲ್ಲಿ ನಮ್ಮ ಮನೆಯ ಕಥೆಯನ್ನೇ ಹೋಲುವ ಒಂದು ಪ್ರಸಂಗವಿದೆ. ಒಂದು ನೀರಿನ ಕುಂಡಕ್ಕೆ ಪಂಪನ್ನು ಹಾಕಿದ್ದರು. ಕುಂಡದಲ್ಲಿ ನೀರು ಮೇಲ್ಮಟ್ಟದಲ್ಲಿದ್ದಾಗ ಪಂಪು ಚೆನ್ನಾಗಿ ನಡೆಯುತ್ತಿತ್ತು. ನೀರು ಒಂದು ಮಟ್ಟಕ್ಕಿಂತ ಕೆಳಗಿಳಿದೊಡನೆ ನಿಂತುಬಿಡುತ್ತಿತ್ತು. ಯಂತ್ರವು ಕೆಟ್ಟಿತೆಂದು ತಿಳಿದು ಕೆಲಸಗಾರನನ್ನು ಕರೆಸಿದರೆ, ಆತನು ದೋಷವು ಪಂಪಿನಲ್ಲಿಲ್ಲ, ನೀರಿನಲ್ಲಿದೆ, ನೀರು ಬಹಳ ಕೆಳಗೆ ಹೋಗಿದೆ ಎಂದನಂತೆ. ಹದಿನೆಂಟು ಮೊಳಕ್ಕಿಂತ ಕೂದಲೆಳೆಯಷ್ಟು ಮೇಲಕ್ಕೂ ಹೀರುವ ಪಂಪು ನೀರನ್ನು ಏರಿಸಲಾರದೆಂಬುದು ಅವನ ಅನುಭವ. ಅಲ್ಲಿಯ ಮೊಳವು ನಮ್ಮದಕ್ಕಿಂತ ತುಸು ಉದ್ದವಾದುದರಿಂದ, ಹದಿನೆಂಟು ಮೊಳವೆಂದರೆ ಸುಮಾರು ಹತ್ತೂವರೆ ಮೀಟರ್. ಹೆಸರು ಕೂಡ ಉಳಿಯದ ಆ ಕೆಲಸಗಾರನಂಥವನೊಬ್ಬನು ನಮಗೆ ದೊರೆತಿದ್ದರೆ ಒಂದು ಪಂಪಿನ ದುಡ್ಡು ಉಳಿಯುತ್ತಿತ್ತು!

ಕೆಲಸಗಾರನ ಅಳತೆ ಸರಿಯಾಗಿತ್ತು. ಗೆಲಿಲಿಯೋ ಕೊಟ್ಟ ಕಾರಣ ಮಾತ್ರ ಸರಿಯಾಗಿರಲಿಲ್ಲ. ಬಹಳ ಉದ್ದವಾದ ಹಗ್ಗವು ತನ್ನ ಭಾರಕ್ಕೆ ತಾನೇ ಹರಿಯುವಂತೆ, ನೀರಿನ ಕಂಬವೂ ತನ್ನ ಭಾರದಿಂದ ತುಂಡಾಗುತ್ತದೆಂದು ಅವನು ಊಹಿಸಿದನು. ಅಂದರೆ, ಪಂಪು ನೀರನ್ನು ಮೇಲಿನಿಂದ ಎಳೆಯುತ್ತದೆಂಬ ಭಾವನೆ ಅವನನ್ನೂ ಬಿಟ್ಟಿರಲಿಲ್ಲ. ನಿಜವಾದ ಕಾರಣವನ್ನು ಕಂಡವನು ಅವನ ಕೊನೆಯ ದಿನಗಳಲ್ಲಿ ಜತೆಗಿದ್ದ ತರುಣ ಟೊರಿಸೆಲ್ಲಿ. ನಾವೆಲ್ಲರೂ ಗಾಳಿಯ ಒಂದು ಮಹಾಸಾಗರದ ತಳದಲ್ಲಿ ಬಾಳುತ್ತಿದ್ದೇವೆ, ಆ ಗಾಳಿಗೂ ಭಾರವುಂಟು, ಆ ಭಾರವೇ ನೀರನ್ನು ಕೊಳವೆಯೊಳಗೆ ಒತ್ತಿ ಏರಿಸುತ್ತದೆ ಎಂದು ಆತನು ತರ್ಕಿಸಿದನು. ಹಾಗಿದ್ದಲ್ಲಿ ನೀರಿಗಿಂತ 13.6 ಮಡಿ ಭಾರವಾದ ಪಾದರಸವು ನೀರು ಏರುವುದರ 13.6ನೆಯ ಒಂದು ಪಾಲಿನಷ್ಟೇ ಏರಬೇಕು. 1644ರ ಹೊತ್ತಿಗೆ ಈ ಪ್ರಯೋಗವು ನಡೆದು, ಪಾದರಸವು 76 ಸೆಂಟಿಮೀಟರ್ ಎತ್ತರಕ್ಕೆ ಸರಿಯಾಗಿ ನಿಂತಿತು. 76ನ್ನು 13.6ರಿಂದ ಗುಣಿಸಿ ನೋಡಿರಿ, 10.3 ಮೀಟರ್ ನೀರು ಬರುತ್ತದೆ. ನಾಲ್ಕು ವರ್ಷಗಳ ತರುವಾಯ, 1648ರ ಸೆಪ್ಟೆಂಬರಿನಲ್ಲಿ, ಪಾಸ್ಕಲನ ಸೂಚನೆಯಂತೆ ಅವನ ಭಾವನಾದ ಪೆರಿಯೆಯು ಇಂಥ ಕೊಳವೆಯನ್ನು ಫ್ರಾನ್ಸಿನ ಪ್ಯೂಯಿ ದ ಡೋಮ್ ಬೆಟ್ಟದ ಮೇಲಕ್ಕೆ ಒಯ್ದಾಗ ಪಾದರಸವು ಅಲ್ಲಿ ಇನ್ನಷ್ಟು ಕೆಳಗೆ ನಿಂತಿತು. ಮೇಲೆ ಹೋದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆ. ಆದಕಾರಣ ಒತ್ತಡವೂ ಕಡಿಮೆ.

ಈಗ ಬಾವಿಯ ಬಳಿಗೆ ಮರಳೋಣ. ಪಂಪಿನೊಳಗೆ ರೆಕ್ಕೆಗಳುಳ್ಳ ಒಂದು ಗಾಲಿಯಿದೆ. ನಮ್ಮ ಮನೆಯ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅದು ನಿಮಿಷಕ್ಕೆ ಸುಮಾರು 2,850 ಸುತ್ತು ತಿರುಗುತ್ತದೆ. ಒದ್ದೆ ಕೊಡೆಯನ್ನು ತಿರುಗಿಸಿದರೆ ಹನಿಗಳು ಅಂಚಿನಿಂದ ಸಿಡಿಯುತ್ತವಷ್ಟೆ. ಅದರಂತೆಯೇ ಗಾಲಿಯು ನೀರನ್ನು ನಡುವಿನಿಂದ ಅಂಚಿಗೆ ಎಸೆಯುತ್ತದೆ. ಎಸೆಯಲ್ಪಟ್ಟ ನೀರು ಡೆಲಿವರಿ ಪೈಪಿನಲ್ಲಿ ಟಾಂಕಿಯ ಕಡೆಗೆ ಏರುತ್ತದೆ. ಗಾಲಿಯ ನಡುವೆ ಒತ್ತಡವು ತಗ್ಗುತ್ತದೆ. ಪಂಪು ಬಾವಿಯ ಕಡೆಗೆ ಮಾಡುವ ಕೆಲಸವು ಇಷ್ಟೇ: ಬಾಗಿಲನ್ನು ತೆರವು ಮಾಡಿ ಕೊಡುವುದು. ಬಾವಿಯ ನೀರಿನ ಮೇಲೆ ಕುಳಿತಿರುವ ಗಾಳಿಯು ನೀರನ್ನು ಆ ತೆರವಿನೊಳಕ್ಕೆ ದಬ್ಬುತ್ತದೆ. ಆದ್ದರಿಂದ ಪಂಪಿನ ಕೆಳಗಿನ ಏರಿಕೆಯು ಗಾಳಿಯ ಲೆಕ್ಕ, ಪಂಪಿನ ಮೇಲಿನ ಏರಿಕೆಯು ಮೋಟಾರಿನ ಲೆಕ್ಕ. ಅಶ್ವಶಕ್ತಿಯನ್ನು ಎರಡರಷ್ಟು ಮಾಡಬಹುದು, ಹತ್ತರಷ್ಟು ಮಾಡಬಹುದು. ಬಾವಿಯ ಮೇಲಿನ ಗಾಳಿಯ ಭಾರವನ್ನು ಹೆಚ್ಚಿಸಲು ಯಾವ ಅಂಗಡಿಯವನಿಂದಲೂ ಆಗದು.

ಮೋಟಾರಿನ ಲೆಕ್ಕವನ್ನು ನೋಡಿದರೆ ನಮ್ಮ ಅಜ್ಞಾನಕ್ಕೆ ನಮಗೇ ನಗು ಬರುತ್ತದೆ. ಸಾವಿರ ಲೀಟರ್ ನೀರನ್ನು ಬಾವಿಯಿಂದ ಟಾಂಕಿಗೆ, ಒಟ್ಟು 12 ಮೀಟರ್ ಎತ್ತಲು ಬೇಕಾದ ಶಕ್ತಿ 1000 × 9.8 × 12, ಎಂದರೆ 1,17,600 ಜೂಲ್. ಇದು ವಿದ್ಯುತ್ತಿನ ಒಂದು ಯೂನಿಟ್ಟಿನ ಮೂವತ್ತನೆಯ ಒಂದು ಭಾಗ. ನಲವತ್ತು ನಿಮಿಷಗಳಲ್ಲಿ ಎತ್ತುವುದಾದರೆ 49 ವಾಟ್ ಸಾಕು! ಅರ್ಧ ಅಶ್ವಶಕ್ತಿಯೆಂದರೆ 373 ವಾಟ್. ಸಣ್ಣ ಪಂಪುಗಳಲ್ಲಿ ಬಹುಪಾಲು ಶಕ್ತಿಯು ವ್ಯರ್ಥವಾಗುತ್ತದೆಂದು ಒಪ್ಪಿಕೊಂಡರೂ, ಶಕ್ತಿ ಸಾಲದಾಯಿತೆಂಬ ಮಾತಿಗೆ ಆಧಾರವೇ ಇರಲಿಲ್ಲ.

ಹಾಗಾದರೆ 10.3 ಮೀಟರಿನವರೆಗಾದರೂ ನೀರು ಬರಬೇಕಿತ್ತಲ್ಲವೆ, ಮಾರ್ಚಿನಲ್ಲಿ ನೀರಿನಿಂದ ಪಂಪಿಗೆ ಇದ್ದ ಅಂತರ ಎಂಟೇ ಮೀಟರ್ ಅಲ್ಲವೆ ಎಂದು ಚುರುಕು ಬುದ್ಧಿಯ ಓದುಗರು ಕೇಳಬಹುದು. 10.3 ಮೀಟರ್ ಎಂಬುದು ಕೊಳವೆಯ ಮೇಲ್ತುದಿಯಲ್ಲಿ ಪೂರ್ಣ ಶೂನ್ಯವಿದ್ದಾಗ, ನೀರು ಅಲುಗದೆ ನಿಂತಿರುವಾಗ ಬರುವ ಸಂಖ್ಯೆ. ಮನೆಯ ಬಾವಿಯಲ್ಲಿ ಈ ಬಂಡವಾಳಕ್ಕೆ ಹಲವು ಪಾಲುದಾರರಿದ್ದಾರೆ. ಒತ್ತಡವು ಬಹಳ ತಗ್ಗಿದರೆ ನೀರು ತಣ್ಣಗಿದ್ದುಕೊಂಡೇ ಕುದಿಯುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿಗಾಗಿ ಈ ಬಾಬಿನಲ್ಲಿ ಸುಮಾರು 0.4 ಮೀಟರನ್ನು ಬಿಟ್ಟುಕೊಡಬೇಕು. ಪೈಪಿನ ಉಜ್ಜಾಟಕ್ಕೂ ಅಡಿಯ ಫುಟ್‌ವಾಲ್ವಿಗೂ ಸೇರಿ ನಮ್ಮಲ್ಲಿ ಮುಕ್ಕಾಲು ಮೀಟರ್. ನೀರು ಗಾಲಿಯ ಬಾಯಿಯೊಳಗೆ ವೇಗವಾಗಿ ನುಗ್ಗಬೇಕಾದುದರಿಂದ ಪಂಪು ತನ್ನ ಪಾಲೆಂದು ಇನ್ನೆರಡು ಮೀಟರ್ ಕೇಳುತ್ತದೆ. ಉಳಿಯುವುದು ಏಳು ಮೀಟರಿಗೆ ತುಸು ಮಿಕ್ಕಿ. ಇದು ಸಮುದ್ರದ ಮಟ್ಟದಲ್ಲಿರುವ ನಮ್ಮ ಊರಿನ ಮಾತು. 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಮೂಲ ಬಂಡವಾಳವೇ ಸುಮಾರು 9.3 ಮೀಟರ್; ಮಡಿಕೇರಿಯಲ್ಲಿ 9 ಮೀಟರಿನಷ್ಟು. ಪೆರಿಯೆ ಬೆಟ್ಟ ಹತ್ತಿ ಕಂಡುದನ್ನು ಅಲ್ಲಿಯ ಗೃಹಸ್ಥರು ಬಾವಿಕಟ್ಟೆಯಲ್ಲಿಯೇ ಕಾಣಬಹುದು.

ಜಲ್ಲಿಕಲ್ಲಿನ ಸದ್ದಿಗೂ ಇಲ್ಲಿಯೇ ಉತ್ತರವಿದೆ. ಒತ್ತಡವು ಮಿತಿಮೀರಿ ತಗ್ಗಿದಾಗ ಗಾಲಿಯ ನಡುವೆ ನೀರು ಕುದಿದು ಉಗಿಯ ಗುಳ್ಳೆಗಳಾಗುತ್ತವೆ. ಗುಳ್ಳೆಗಳು ಒತ್ತಡ ಹೆಚ್ಚಿರುವ ಅಂಚಿನ ಕಡೆಗೆ ಸಾಗಿದೊಡನೆ ಕುಸಿದು ಒಡೆಯುತ್ತವೆ. ಇಂಥ ಪುಟ್ಟ ಗುಳ್ಳೆಯ ಕುಸಿತದಿಂದ ಎಷ್ಟು ಪ್ರಚಂಡವಾದ ಒತ್ತಡ ಹುಟ್ಟಬಲ್ಲದೆಂಬುದನ್ನು ಲಾರ್ಡ್ ರ್‍ಯಾಲೇ 1917ರಲ್ಲಿ ಲೆಕ್ಕಹಾಕಿ ತೋರಿಸಿದನು. ಹಡಗಿನ ಪಂಖಗಳ ಲೋಹವನ್ನೂ ಅದು ಕೊರೆದು ಹಾಕುತ್ತದೆ. ನಮ್ಮ ಹಳೆಯ ಪಂಪನ್ನು ಬಿಚ್ಚಿದಾಗ ಗಾಲಿಯ ರೆಕ್ಕೆಗಳ ಮೇಲೆ ಗೆದ್ದಲು ತಿಂದಂಥ ಸಣ್ಣ ಸಣ್ಣ ಗುಳಿಗಳಿದ್ದುವು.

ದೊಡ್ಡ ಪಂಪು ಚಿಕ್ಕದಕ್ಕಿಂತಲೂ ಕೆಟ್ಟದಾಗಿ ನಡೆದುದೇಕೆ? ಅದು ಎರಡರಷ್ಟು ನೀರನ್ನು ಅದೇ ಒಂದಂಗುಲದ ಪೈಪಿನಿಂದ ಬಯಸಿತು. ಹರಿವು ಎರಡರಷ್ಟಾದರೆ ಉಜ್ಜಾಟವು ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಮುಕ್ಕಾಲು ಮೀಟರಿದ್ದ ನಷ್ಟವು ಮೂರು ಮೀಟರಿಗೆ ಏರಿತು. ಏಳು ಮೀಟರಿದ್ದ ಮಿತಿಯು ಐದಕ್ಕಿಂತ ಕೆಳಗಿಳಿಯಿತು. ದುಡ್ಡು ಕೊಟ್ಟು ಕಷ್ಟವನ್ನು ಕೊಂಡುಕೊಂಡೆವು ಎನ್ನುವುದು ಇದಕ್ಕೇ.

ಇದನ್ನು ಕಣ್ಣಾರೆ ನೋಡಬಯಸುವ ಕಾಲೇಜಿನ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗವನ್ನು ಸೂಚಿಸುತ್ತೇವೆ. ಹನ್ನೆರಡು ಮೀಟರ್ ಉದ್ದದ, ಗಟ್ಟಿಯಾದ, ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಗಾಳಿ ಉಳಿಯದಂತೆ ನೀರಿನಿಂದ ತುಂಬಿ, ಒಂದು ತುದಿಯನ್ನು ಬಿರಡೆಯಿಂದ ಭದ್ರವಾಗಿ ಮುಚ್ಚಿರಿ. ಇನ್ನೊಂದು ತುದಿಯು ನೆಲದ ಮೇಲಿನ ಬಕೆಟ್ಟಿನ ನೀರಿನಲ್ಲಿ ಮುಳುಗಿರಲಿ. ಉಪಾಧ್ಯಾಯರ ಸಮ್ಮುಖದಲ್ಲಿ, ಮುಚ್ಚಿದ ತುದಿಯನ್ನು ನಾಲ್ಕನೆಯ ಅಂತಸ್ತಿನ ಮೆಟ್ಟಿಲಿನ ಕಡೆಯಿಂದ ಹಗ್ಗ ಕಟ್ಟಿ ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಹತ್ತು ಮೀಟರಿನ ಆಸುಪಾಸಿನಲ್ಲಿ ನೀರು ಕೊಳವೆಯನ್ನು ಹಿಂಬಾಲಿಸುವುದನ್ನು ನಿಲ್ಲಿಸುತ್ತದೆ. ಅದರ ನೆತ್ತಿಯಲ್ಲಿ ಗುಳ್ಳೆಗಳೆದ್ದು ನೀರು ಕುದಿಯುವುದು ಕಾಣಿಸುತ್ತದೆ. ಇಷ್ಟು ಅನುಕೂಲವಿಲ್ಲದ ಹೈಸ್ಕೂಲಿನ ಮಕ್ಕಳು ಎಳನೀರು ಕುಡಿಯುವ ಕೊಳವೆಯ ಮೇಲ್ಭಾಗದಲ್ಲಿ ಸೂಜಿಯಿಂದ ಒಂದು ತೂತು ಮಾಡಿ ಕುಡಿಯಲು ಯತ್ನಿಸಲಿ. ಬಾಯಿಗೆ ಬರುವುದು ಬಹುಪಾಲು ಗಾಳಿ.

ಆ ತೂತಿನ ಪಾಠವು ಪಂಪಿಗೂ ಅನ್ವಯಿಸುತ್ತದೆ. ಬೇಸಗೆಯಲ್ಲವೇ ಅಲ್ಲ, ತುಂಬಿದ ಬಾವಿಯಲ್ಲಿಯೂ ಎಷ್ಟೋ ಪಂಪುಗಳು ನೀರು ಕೊಡದೆ ಹಟ ಹಿಡಿಯುತ್ತವೆ. ‘ಗಾಳಿ ಎಳೆಯುತ್ತಿದೆ’ ಎಂದು ಮಿಸ್ತ್ರಿಗಳು ಹೇಳುವುದು ಇದನ್ನೇ, ಮತ್ತು ಇಲ್ಲಿ ಅವರ ಮಾತು ಸರಿ. ನೀರಿಗಿಂತ ಗಾಳಿಯು ಸುಮಾರು 800 ಪಾಲು ಹಗುರ. ನೀರನ್ನು 20 ಮೀಟರ್ ಎತ್ತರಕ್ಕೆ ಎಸೆಯಬಲ್ಲ ಗಾಲಿಯು ಬರಿಯ ಗಾಳಿಯಲ್ಲಿ ತಿರುಗಿದರೆ, ಅದು ಹುಟ್ಟಿಸುವ ಒತ್ತಡದ ವ್ಯತ್ಯಾಸವು ಎರಡೂವರೆ ಸೆಂಟಿಮೀಟರ್ ನೀರಿಗೆ ಸಮ! ಆದುದರಿಂದಲೇ ಪಂಪನ್ನೂ ಸಕ್ಷನ್ ಪೈಪನ್ನೂ ಮೊದಲು ನೀರಿನಿಂದ ತುಂಬಬೇಕು. ತುಂಬಿದ ನೀರು ಸೋರಿಹೋಗದಂತೆ ತಡೆಯುವುದೇ ಫುಟ್‌ವಾಲ್ವಿನ ಕೆಲಸ. ಅದರ ಬಾಯಲ್ಲಿ ಒಂದು ಎಲೆಯ ಚೂರು ಸಿಕ್ಕಿಕೊಂಡರೂ ಬೆಳಗಾಗುವಷ್ಟರಲ್ಲಿ ಪೈಪು ಬರಿದಾಗಿರುತ್ತದೆ. ಸಕ್ಷನ್ ಪೈಪನ್ನು ಡೆಲಿವರಿ ಪೈಪಿಗಿಂತ ಒಂದಳತೆ ದೊಡ್ಡದಾಗಿ, ಆದಷ್ಟು ಗಿಡ್ಡವಾಗಿ, ಪಂಪಿನವರೆಗೆ ಎಲ್ಲಿಯೂ ತಗ್ಗದೆ ಏರುತ್ತ ಹೋಗುವಂತೆ ಇಡಬೇಕು. ನಡುವೆ ಒಂಟೆಯ ಬೆನ್ನಿನಂತೆ ಉಬ್ಬಿದ್ದರೆ ಗಾಳಿಯು ಅಲ್ಲಿ ಸೇರಿಕೊಂಡು ಕದಲುವುದೇ ಇಲ್ಲ.

ಇನ್ನು, ಏಪ್ರಿಲಿನ ಬಾವಿಗೆ ಏನು ಮಾಡುವುದು? ಗಾಳಿಯು ಏಳು ಮೀಟರಿಗಿಂತ ಮೇಲೆ ದಬ್ಬದಿದ್ದರೆ ಪಂಪೇ ಕೆಳಗಿಳಿಯಬೇಕು. ಬಾವಿಯ ಗೋಡೆಯಲ್ಲಿ ನಾಲ್ಕೈದು ಮೀಟರ್ ಕೆಳಗೆ ಹಲಗೆಯನ್ನು ಕಟ್ಟಿ ಪಂಪನ್ನು ಅಲ್ಲಿ ಕೂರಿಸುವ ಪದ್ಧತಿಯು ಉಂಟು. ಆದರೆ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮೂರು-ಮೂರೂವರೆ ಮೀಟರ್ ಮಳೆ ಸುರಿಯುತ್ತದೆ. ಮುರಕಲ್ಲು ತೂತುತೂತಾದ ಕಲ್ಲು. ನೀರನ್ನು ಬೇಗ ಕುಡಿದು ಬೇಗ ಬಿಟ್ಟುಕೊಡುತ್ತದೆ. ನಮ್ಮ ಬಾವಿಯ ನೀರು ಆಗಸ್ಟಿನಲ್ಲಿ ನೆಲದಿಂದ ಎರಡೂವರೆ ಮೀಟರಿನಲ್ಲಿ ನಿಂತರೆ ಏಪ್ರಿಲಿನ ಕೊನೆಗೆ ಹತ್ತು ಮೀಟರಿಗೆ ಇಳಿಯುತ್ತದೆ. ಬೇಸಗೆಗೆಂದು ಕಟ್ಟಿದ ಹಲಗೆಯ ಪಂಪು ಆಷಾಢದಲ್ಲಿ ಮುಳುಗುವುದು ನಿಶ್ಚಯ. ವರ್ಷಕ್ಕೆರಡು ಬಾರಿ ಅದನ್ನು ಇಳಿಸಿ ಏರಿಸುವವರೂ ಇದ್ದಾರೆ.

ಬಾವಿಯೊಳಗೆ ಇಳಿಯುವ ಮಾತು ಬಂದುದರಿಂದ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾರೆವು. ಗಾಳಿಯಾಡದ ಆಳವಾದ ಬಾವಿಯ ತಳದಲ್ಲಿ, ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಇಂಗಾಲದ ಡೈಆಕ್ಸೈಡ್ ಸೇರಿರಬಹುದು. ಉಸಿರಾಡಲು ಆಮ್ಲಜನಕವು ಸಾಲದಿರಬಹುದು. ಇಳಿದವನು ಕುಸಿದೊಡನೆ ಅವನನ್ನು ಎತ್ತಲು ಇನ್ನೊಬ್ಬನು ಧಾವಿಸಿ, ಇಬ್ಬರೂ ಹಿಂದಿರುಗದ ಪ್ರಸಂಗಗಳು ನಮ್ಮ ನಾಡಿನಲ್ಲಿ ಮತ್ತೆ ಮತ್ತೆ ನಡೆದಿವೆ. ದೀಪವನ್ನು ಇಳಿಸಿ ನೋಡುವ ಹಳೆಯ ಪರೀಕ್ಷೆಯು ಆಮ್ಲಜನಕದ ಕೊರತೆಯನ್ನು ತೋರೀತು. ಎಣ್ಣೆಯ ಎಂಜಿನುಗಳು ಉಗುಳುವ ಇಂಗಾಲದ ಮಾನಾಕ್ಸೈಡನ್ನು ತೋರಿಸದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದಕಾರಣ ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಿ ನಡೆಸುವುದು ಎಂದೆಂದಿಗೂ ಕೂಡದು. ಫುಟ್‌ವಾಲ್ವನ್ನು ಶುಚಿಮಾಡುವುದಕ್ಕಾಗಿ ಮಕ್ಕಳು ಬಾವಿಗೆ ಇಳಿಯತಕ್ಕದ್ದಲ್ಲ. ಪೈಪನ್ನೇ ಮೇಲಕ್ಕೆಳೆದು ಶುಚಿಮಾಡುವಂತೆ ಜೋಡಣೆಯಿರಬೇಕು.

ಜೆಟ್ ಪಂಪು ಎಂಬ ಇನ್ನೊಂದು ಜಾಣ ಉಪಾಯವಿದೆ. ಪಂಪು ನೆಲದ ಮೇಲೆಯೇ ಇರುತ್ತದೆ. ಎತ್ತಿದ ನೀರಿನ ಒಂದು ಪಾಲನ್ನು ಎರಡನೆಯ ಪೈಪಿನಲ್ಲಿ ಬಾವಿಗೆ ಹಿಂದಿರುಗಿಸಿ, ನೀರಿನಡಿಯಲ್ಲಿ ಒಂದು ಇಕ್ಕಟ್ಟಾದ ಮೂತಿಯಿಂದ ಚಿಮ್ಮಿಸುತ್ತಾರೆ. ಆ ಚಿಲುಮೆಯು ಸುತ್ತಲಿನ ನೀರನ್ನೂ ಕೂಡಿಸಿಕೊಂಡು ಕೆಳಗಿನಿಂದ ನೂಕುತ್ತದೆ. ಗಾಳಿಯ ಕೆಲಸಕ್ಕೆ ಪಂಪೇ ನೆರವಾದಂತಾಯಿತು. ಆದರೆ ಅದೇ ನೀರನ್ನು ಮತ್ತೆ ಮತ್ತೆ ಸುತ್ತಿಸಬೇಕಾದುದರಿಂದ ವಿದ್ಯುತ್ತು ಹೆಚ್ಚು ಖರ್ಚಾಗುತ್ತದೆ.

ಕೊನೆಗೆ ನಾವು ಆರಿಸಿಕೊಂಡುದು ಸಬ್‌ಮರ್ಸಿಬಲ್ ಪಂಪು, ಎಂದರೆ ಮೋಟಾರಿನೊಡನೆ ನೀರಿನಲ್ಲಿಯೇ ಮುಳುಗಿರುವ ಪಂಪು. ಅಂದಿನ ರಷ್ಯನ್ ಸಾಮ್ರಾಜ್ಯದಲ್ಲಿ ಹುಟ್ಟಿದ ಅರ್ಮೈಸ್ ಅರುತುನೋಫ್ ಎಂಬ ಎಂಜಿನಿಯರು 1920ರ ದಶಕದಲ್ಲಿ ಅಮೆರಿಕದ ಎಣ್ಣೆಬಾವಿಗಳಲ್ಲಿ ಬಳಕೆಗೆ ತಂದ ಯಂತ್ರದ ವಂಶದ್ದು ಇದು. ನೀರು ತಾನಾಗಿಯೇ ಇದರ ಬಾಯಿಗೆ ಹರಿಯುವುದರಿಂದ ಏಳು ಮೀಟರಿನ ತಕರಾರೇ ಇಲ್ಲ. ಇನ್ನು ಎಲ್ಲವೂ ಮೋಟಾರಿನ ಲೆಕ್ಕ. ಅರ್ಧ ಅಶ್ವಶಕ್ತಿಯದನ್ನೇ ತಂದೆವು. ಕೆಸರನ್ನು ಎಳೆಯದಂತೆ ತಳದಿಂದ ಅರ್ಧ ಮೀಟರ್ ಮೇಲೆ, ನೈಲಾನ್ ಹಗ್ಗದಿಂದ ತೂಗಬಿಟ್ಟಿದ್ದೇವೆ. ವಿದ್ಯುತ್ತಿನ ತಂತಿಯಿಂದ ಪಂಪನ್ನು ತೂಗಬಾರದು.

ನೀರು ಮತ್ತು ವಿದ್ಯುತ್ತು ಜತೆಗೂಡಿದಲ್ಲಿ ಜಿಪುಣತನ ಸಲ್ಲದು. ಬಾವಿಕಟ್ಟೆಯಲ್ಲಿ ಬರಿಗಾಲಿನಲ್ಲಿ, ಒದ್ದೆ ನೆಲದಲ್ಲಿ ನಿಲ್ಲುವವರು ನಾವು. ಮೋಟಾರಿನ ಒಳತಂತಿಯ ಹೊದಿಕೆ ಹಳತಾಗಿ ಮೈಗೆ ತಾಗಿದರೆ 230 ವೋಲ್ಟ್ ವಿದ್ಯುತ್ತು ಅದರ ಲೋಹದ ಮೈಯಲ್ಲಿ ಕಾದು ಕುಳಿತಿರುತ್ತದೆ. ಅರ್ಥಿಂಗ್ ತಂತಿಯು ಆ ವಿದ್ಯುತ್ತಿಗೆ ನೆಲಕ್ಕೆ ಸುಲಭದ ದಾರಿಯನ್ನು ಕೊಡುತ್ತದೆ. ಜತೆಗೆ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು ಇರಬೇಕು. ಹೋದ ಪ್ರವಾಹವನ್ನೂ ಮರಳಿದ ಪ್ರವಾಹವನ್ನೂ ಅದು ತೂಗಿ ನೋಡುತ್ತಲೇ ಇರುತ್ತದೆ. ಎರಡಕ್ಕೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ, ಎಲ್ಲಿಯೋ ಸೋರಿಕೆಯಾಗುತ್ತಿದೆಯೆಂದು ತಿಳಿದು ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುತ್ತದೆ. 40 ವಾಟಿನ ಬಲ್ಬಿನಲ್ಲಿ ಹರಿಯುವ ಪ್ರವಾಹದ ಆರನೆಯ ಒಂದು ಪಾಲಿದು. ಮನುಷ್ಯನ ಹೃದಯವನ್ನು ಕೆಡಿಸಲು ಇದಕ್ಕಿಂತ ಬಹಳ ಹೆಚ್ಚೇನೂ ಬೇಕಿಲ್ಲ. ಮುಳುಗಿದ ಪಂಪಿನ ಬಾವಿಯಲ್ಲಿ ಕೊಡಪಾನವನ್ನು ಇಳಿಸುವ ಮುನ್ನ ಸ್ವಿಚ್ಚನ್ನು ಆರಿಸುವುದು ನಮ್ಮ ಮನೆಯ ನಿಯಮ.

ಹೊಸ ಪಂಪು ಹೊಸ ಪ್ರಶ್ನೆಯೊಂದನ್ನೂ ತಂದಿತು. ಕೈಯಿಂದ ಸೇದುವಾಗ ತೋಳಿನ ನೋವೇ ಬಾವಿಯ ಕಾವಲಾಗಿತ್ತು, ಪಂಪಿಗೆ ನೋವಿಲ್ಲ. ಒರತೆಯು ಎಷ್ಟು ಕೊಡುತ್ತದೆಂಬುದನ್ನು ಅಳೆಯುವುದು ಬಲು ಸುಲಭ. ನಮ್ಮ ಬಾವಿಯ ಅಡ್ಡಳತೆ 2.4 ಮೀಟರ್, ಆದುದರಿಂದ ಅದರ ಕ್ಷೇತ್ರ 4.5 ಚದರ ಮೀಟರ್. ನೀರು 10 ಸೆಂಟಿಮೀಟರ್ ಏರಿತೆಂದರೆ 450 ಲೀಟರ್ ಬಂದಂತೆ. ಏಪ್ರಿಲಿನ ಒಂದು ಬೆಳಿಗ್ಗೆ ಪಂಪನ್ನು ನಿಲ್ಲಿಸಿ, ಗಂಟು ಹಾಕಿದ ಹಗ್ಗಕ್ಕೆ ಕಲ್ಲನ್ನು ಕಟ್ಟಿ ಇಳಿಸಿ ನೋಡಿದೆವು. ಅಷ್ಟು ಏರಲು ಸರಿಯಾಗಿ ಒಂದು ತಾಸು ಹಿಡಿಯಿತು. ಪಂಪು ತಾಸಿಗೆ ಎತ್ತುವುದು 1,500 ಲೀಟರ್. ಎಂದರೆ ಬೇಸಗೆಯಲ್ಲಿ ಇಪ್ಪತ್ತು ನಿಮಿಷ ನಡೆಸಿದರೆ ಒಂದು ತಾಸಿಗಿಂತ ಹೆಚ್ಚು ಹೊತ್ತು ಬಿಡುವು ಕೊಡಬೇಕು. ಈಗ ಮಾರ್ಚ್ ಬಂತೆಂದರೆ ಟಾಂಕಿಯನ್ನು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ತುಂಬುತ್ತೇವೆ. ಗಂಟಿನ ಹಗ್ಗವು ಬಾವಿಕಟ್ಟೆಯ ಮೊಳೆಯಲ್ಲಿ ನೇತಾಡುತ್ತಿದೆ. ತಿಂಗಳ ಮೊದಲ ದಿನ ಅಳೆದು ಪಂಚಾಂಗದ ಅಂಚಿನಲ್ಲಿ ಬರೆದಿಡುವ ಕೆಲಸವು ಮನೆಯ ಹುಡುಗರದು. ಹಳೆಯ ಅರ್ಧ ಅಶ್ವಶಕ್ತಿಯ ಪಂಪನ್ನು ರೆಕ್ಕೆಗಾಲಿ ಬದಲಾಯಿಸಿ ತೋಟದ ಹೊಂಡದ ದಡದಲ್ಲಿ ಕೂರಿಸಿದೆವು. ಅಲ್ಲಿ ನೀರು ಎರಡು ಮೀಟರ್ ಕೆಳಗಿದೆ, ಪಂಪು ಸದ್ದಿಲ್ಲದೆ ನಡೆಯುತ್ತಿದೆ.